ಕಿತ್ತ ಮೆಜೂಜಾ, ಬೀಗದ ಕೈ, ದಾಖಲೆ ಪುಸ್ತಕ: ಯುದ್ಧಕಾಲದ ಕ್ಯಾಂಪಸ್ಸಿನಲ್ಲಿ ನನ್ನ ಅನುಭವ

ಹಾಸ್ಟೆಲ್ ಕೋಣೆಯ ಬಾಗಿಲುವಾಡದಲ್ಲಿ, ಒಳಗೆ ಹೋಗುವವರ ಬಲಗಡೆಗೆ, ಹೆಗಲೆತ್ತರದಲ್ಲಿ ಬೆರಳುದ್ದದ ಒಂದು ಸಣ್ಣ ಡಬ್ಬಿ ಓರೆಯಾಗಿ ಅಂಟಿಕೊಂಡಿರುತ್ತದೆ. ಅದೇ ಯಹೂದಿಗಳು ಬಾಗಿಲಿಗೆ ಹಾಕುವ ಮೆಜೂಜಾ. ಡಬ್ಬಿ ಪ್ಲಾಸ್ಟಿಕ್ಕಿನದಿರಬಹುದು, ಬೆಳ್ಳಿಯದಿರಬಹುದು. ಪವಿತ್ರವಾದದ್ದು ಒಳಗಿನ ಸುರುಳಿ. ಚರ್ಮದ ಹಾಳೆಯ ಮೇಲೆ ಲಿಪಿಕಾರರು ಕೈಯಾರೆ ಬರೆದ ಹೀಬ್ರೂ ವಾಕ್ಯಗಳು ಅದರಲ್ಲಿರುತ್ತವೆ. 2023ರ ಅಕ್ಟೋಬರ್ 7ರಂದು ಹಮಾಸ್ ದಾಳಿ ನಡೆದು ಗಾಜಾ ಯುದ್ಧ ಶುರುವಾದ ಮೇಲೆ, ಅಮೆರಿಕದ ಕ್ಯಾಂಪಸ್ಸುಗಳಲ್ಲಿ ಇದನ್ನು ಕಿತ್ತೆಸೆದ ದೂರುಗಳೂ ಬರತೊಡಗಿದವು. ವಿದ್ಯಾರ್ಥಿ ಕಲ್ಯಾಣ ಕಚೇರಿಯಲ್ಲಿ ಇಂಥ ದೂರುಗಳನ್ನು ನೋಡಿಕೊಳ್ಳುವ ಕೆಲಸ ನನ್ನದು. ಆದರೆ ದೂರು ಮೊದಲು ಮುಟ್ಟುವುದು ಕಚೇರಿಗಲ್ಲ. ಹಾಸ್ಟೆಲಿನ ಮಹಡಿ ನೋಡಿಕೊಳ್ಳುವ ವಿದ್ಯಾರ್ಥಿಯಾದ ಆರ್‌ಎಗೆ, ತರಗತಿಯಲ್ಲಿ ಪ್ರೊಫೆಸರಿಗೆ ನೆರವಾಗುವ ವಿದ್ಯಾರ್ಥಿಯಾದ ಟಿಎಗೆ. ಆ ಕೆಲಸಗಳಲ್ಲಿ ನಮ್ಮ ಕನ್ನಡದ ಹುಡುಗ ಹುಡುಗಿಯರೂ ಇದ್ದಾರೆ. ಅವರಿಗೆ ಉಪಯೋಗವಾಗಲಿ ಎಂದು ನಾವು ಮಾಡುವ ರೀತಿಯನ್ನು ಬರೆಯುತ್ತಿದ್ದೇನೆ.

ಮೊದಲ ಕೆಲಸ ಫೋಟೊ. ಬಿದ್ದದ್ದನ್ನು ಎತ್ತುವ ಮುಂಚೆ, ಗೋಡೆಯ ಬರಹ ಒರೆಸುವ ಮುಂಚೆ ಮೂರು ಫೋಟೊ ಆಗಬೇಕು: ಕೋಣೆಯ ನಂಬರ್ ಕಾಣುವಂತೆ ಕಾರಿಡಾರಿನದೊಂದು, ಇಡೀ ಬಾಗಿಲಿನದೊಂದು, ಪಕ್ಕದಲ್ಲಿ ಸ್ಕೇಲೋ ನಾಣ್ಯವೋ ಇಟ್ಟು ಹತ್ತಿರದಿಂದ ಒಂದು. ಇಲ್ಲಿ ಕೆಲಸ ಕೆಡುವುದು ಕೆಟ್ಟ ಮನಸ್ಸಿನಿಂದಲ್ಲ, ಒಳ್ಳೆಯ ಮನಸ್ಸಿನಿಂದ. ಆ ಕೋಣೆಯ ಹುಡುಗಿ ನೋಡಿ ನೊಂದುಕೊಳ್ಳದಿರಲಿ ಎಂದು ಸ್ವಚ್ಛತಾ ಸಿಬ್ಬಂದಿ ಬೆಳಗ್ಗೆಯೇ ಒರೆಸಿಬಿಡುತ್ತಾರೆ. ಸಾಕ್ಷ್ಯವೂ ಅದರ ಜೊತೆಗೇ ಹೋಗುತ್ತದೆ. ಇನ್ನೊಂದು ತಪ್ಪು, ಹರಿದ ಸುರುಳಿಯನ್ನು ಕಸದ ಬುಟ್ಟಿಗೆ ಹಾಕುವುದು. ಯಹೂದಿಗಳಲ್ಲಿ ಹಾಳಾದ ಪವಿತ್ರ ಬರಹವನ್ನು ಎಸೆಯುವುದಿಲ್ಲ, ಮಣ್ಣು ಮಾಡುತ್ತಾರೆ. ಹಾಗಾಗಿ ಚೂರುಗಳನ್ನೆಲ್ಲ ಒಂದು ಶುಭ್ರವಾದ ಲಕೋಟೆಗೆ ಹಾಕಿ, ಪೊಲೀಸರು ನೋಡಿದ ಮೇಲೆ ವಿದ್ಯಾರ್ಥಿಗೋ ಕ್ಯಾಂಪಸ್ಸಿನ ಯಹೂದಿ ಧರ್ಮಗುರು ರಬ್ಬಿಗೋ ಕೊಡುತ್ತೇವೆ. ಈ ಮಾತನ್ನು ಸಿಬ್ಬಂದಿಗೆ ಸೆಮಿಸ್ಟರ್ ಶುರುವಾಗುವಾಗಲೇ ಹೇಳಿಡಬೇಕು, ಘಟನೆಯ ದಿನ ಹೇಳಿದರೆ ತಡವಾಯಿತು.

ಅದೇ ದಿನ ಸಿಸಿಟಿವಿ ದೃಶ್ಯ ಮತ್ತು ಕಾರ್ಡ್ ಸ್ವೈಪ್ ದಾಖಲೆ ಉಳಿಸಿಡಲು ಬರಹದಲ್ಲಿ ಕೇಳುತ್ತೇವೆ. ಹಳೆಯ ದೃಶ್ಯದ ಮೇಲೆ ಹೊಸದು ತಾನಾಗಿಯೇ ಬರೆದುಕೊಳ್ಳುವ ವ್ಯವಸ್ಥೆಗಳೇ ಹೆಚ್ಚು, ಎರಡು ವಾರ ಬಿಟ್ಟು ಕೇಳಿದರೆ ಏನೂ ಉಳಿದಿರದೆ ಹೋಗಬಹುದು. 'ನಿನ್ನೆ ರಾತ್ರಿಯದು ಕೊಡಿ' ಎಂದರೆ ಸಾಲದು. ಮೆಜೂಜಾ ಕೊನೆಗೆ ಕಂಡದ್ದು ಎಷ್ಟು ಗಂಟೆಗೆ, ಇಲ್ಲವೆಂದು ಗೊತ್ತಾದದ್ದು ಎಷ್ಟಕ್ಕೆ, ಯಾವ ಮಹಡಿ, ಯಾವ ಬಾಗಿಲು, ಇಷ್ಟೂ ಬೇಕು. ಹೆಸರು ಮರೆಮಾಚಿ ಬರೆಯುವ ಆ್ಯಪ್‌ಗಳಲ್ಲಿ ಬರುವ ಬೆದರಿಕೆಯಾದರೆ ಸ್ಕ್ರೀನ್‌ಶಾಟಿನಲ್ಲಿ ದಿನಾಂಕ, ಸಮಯ, ಮೇಲಿನ ಕೆಳಗಿನ ಪೋಸ್ಟ್‌ಗಳು ಸೇರಿರಬೇಕು. ಪೋಸ್ಟ್ ಅಳಿಸುವಂತೆ ರಿಪೋರ್ಟ್ ಮಾಡುವುದು ಆಮೇಲೆ.

ಇನ್ನು ಬರವಣಿಗೆ. ಆರ್‌ಎ ಕಳಿಸುವ ವರದಿಯಲ್ಲಿ 'ಯಹೂದಿ ವಿರೋಧಿ ಮಾತು ಆಡಿದರು' ಎಂದಿದ್ದರೆ ಅದರಿಂದ ನಮಗೆ ಏನೂ ಮಾಡಲಾಗುವುದಿಲ್ಲ. ಆಡಿದ ಮಾತನ್ನೇ ಇದ್ದ ಹಾಗೆ, ಆಡಿದ ಭಾಷೆಯಲ್ಲೇ ಬರೆಯಬೇಕು, ಅದು ಎಷ್ಟೇ ಹೊಲಸಾಗಿರಲಿ. ಯಾರಿಗೆ ಹೇಳಿದರು, ಎಷ್ಟು ದೂರದಿಂದ, ದಾರಿ ಅಡ್ಡಗಟ್ಟಿದರೇ, ಹಿಂಬಾಲಿಸಿದರೇ, ಎದುರು ಯಾರಿದ್ದರು. ತೀರ್ಪು ಕೊಡುವುದು ಆರ್‌ಎ ಕೆಲಸವಲ್ಲ. ನೊಂದವರನ್ನು 'ಇಸ್ರೇಲ್ ಬಗ್ಗೆ ನಿನ್ನ ನಿಲುವೇನು' ಎಂದು ಕೇಳಲೇಬಾರದು. ಯಹೂದಿ ವಿದ್ಯಾರ್ಥಿಗಳಲ್ಲಿ ಯುದ್ಧ ಸರಿ ಎನ್ನುವವರಿದ್ದಾರೆ, ಕದನವಿರಾಮಕ್ಕಾಗಿ ಟೆಂಟ್ ಹಾಕಿ ಕೂತವರೂ ಇದ್ದಾರೆ. ಯಾವ ನಿಲುವಿನವರಾದರೂ ಬಾಗಿಲು ಅವರದೇ.

ಕಾನೂನಿನ ಬುಡ 1964ರ ನಾಗರಿಕ ಹಕ್ಕುಗಳ ಕಾಯ್ದೆಯ ಆರನೇ ಅಧ್ಯಾಯ, ಇಲ್ಲಿಯವರ ಮಾತಿನಲ್ಲಿ ಟೈಟಲ್ ಸಿಕ್ಸ್. ಅದರಲ್ಲಿ ಭೇದಭಾವ ಮಾಡಬಾರದ ಆಧಾರಗಳಾಗಿ ಜನಾಂಗ, ಬಣ್ಣ, ರಾಷ್ಟ್ರಮೂಲ ಎಂದಿದೆ, ಧರ್ಮ ಎಂದಿಲ್ಲ. ಯಹೂದಿಗಳಿಗೆ ಅದು ಅನ್ವಯಿಸುವುದು ಒಂದೇ ಪೂರ್ವಜರಿಂದ ಬಂದವರು ಎಂಬ ನೆಲೆಯಲ್ಲಿ. ಅದೇ ನೆಲೆಯಲ್ಲಿ ಮುಸ್ಲಿಂ, ಅರಬ್, ಪ್ಯಾಲೆಸ್ತೀನಿ, ಸಿಖ್, ಹಿಂದೂ ವಿದ್ಯಾರ್ಥಿಗಳಿಗೂ ಅನ್ವಯಿಸುತ್ತದೆ. ಸೇನಾ ಮೀಸಲು ಪಡೆಗೆ ಕರೆ ಬಂದು ಹೋದ ಇಸ್ರೇಲಿ ಹುಡುಗನಿಗೂ ಗಾಜಾದಲ್ಲಿ ಬಂಧುಗಳನ್ನು ಕಳೆದುಕೊಂಡ ಹುಡುಗಿಗೂ ನಮ್ಮಲ್ಲಿ ಇರುವುದು ಒಂದೇ ಫಾರಂ, ಒಂದೇ ಗಡುವು. ಒಂದು ಕಣ್ಣಿಗೆ ಬೆಣ್ಣೆ ಒಂದು ಕಣ್ಣಿಗೆ ಸುಣ್ಣ ಎಂದಾದ ದಿನ ಎರಡೂ ಕಡೆಯವರು ದೂರು ಕೊಡುವುದನ್ನೇ ನಿಲ್ಲಿಸುತ್ತಾರೆ.

ಎಲ್ಲಕ್ಕಿಂತ ಕಷ್ಟದ್ದು ಮಾತು ಮತ್ತು ಕಿರುಕುಳದ ನಡುವೆ ಗೆರೆ ಎಳೆಯುವುದು. ಇಸ್ರೇಲ್ ಸರ್ಕಾರದ ಯುದ್ಧನೀತಿಯನ್ನು ಖಂಡಿಸುವ ಭಿತ್ತಿಪತ್ರ, ಎಷ್ಟೇ ಖಾರವಾಗಿರಲಿ, ಮಾತೇ. ಅದೇ ಭಿತ್ತಿಪತ್ರವನ್ನು ಮೆಜೂಜಾ ಇರುವ ಬಾಗಿಲುಗಳನ್ನಷ್ಟೇ ಹುಡುಕಿ ಅಂಟಿಸಿದರೆ ಅದು ಬೇರೆ. ಬದಲಾದದ್ದು ಕಾಗದದ ಮೇಲಿನ ಮಾತಲ್ಲ. ಯಹೂದಿ ಎಂಬ ಗುರುತು ನೋಡಿ ಆರಿಸಿದ್ದು ಬದಲಾಯಿತು. ನಾವು ಮೂರು ಪ್ರಶ್ನೆ ಇಟ್ಟುಕೊಂಡಿದ್ದೇವೆ. ಯಾರನ್ನು, ಯಾವ ಗುರುತಿನ ಮೇಲೆ ಆರಿಸಿದರು? ಏನು ಮಾಡಿದರು? ಅದರಿಂದ ಆ ವಿದ್ಯಾರ್ಥಿ ಯಾವ ಜಾಗಕ್ಕೆ, ಯಾವ ತರಗತಿಗೆ, ಯಾವ ಊಟಕ್ಕೆ ಹೋಗುವುದನ್ನು ಬಿಡಬೇಕಾಯಿತು? ಮೂರನೆಯದಕ್ಕೆ ಉತ್ತರ ಸಿಕ್ಕರೆ ಪ್ರಕರಣ ಗಟ್ಟಿ. 2024ರ ಆಗಸ್ಟ್‌ನಲ್ಲಿ ಲಾಸ್ ಏಂಜಲೀಸ್‌ನ ಫೆಡರಲ್ ನ್ಯಾಯಾಧೀಶರು ಯುಸಿಎಲ್‌ಎ ವಿಶ್ವವಿದ್ಯಾಲಯದ ವಿರುದ್ಧ ತಡೆಯಾಜ್ಞೆ ಕೊಟ್ಟದ್ದೂ ಇದೇ ದಾರಿಯಲ್ಲಿ: ಪ್ರತಿಭಟನಾ ಶಿಬಿರದಿಂದಾಗಿ ಯಹೂದಿ ವಿದ್ಯಾರ್ಥಿಗಳಿಗೆ ಕ್ಯಾಂಪಸ್ಸಿನ ಕೆಲವು ಭಾಗಗಳಿಗೆ ಹೋಗಲಾಗದಂತಾದ ಪ್ರಶ್ನೆ ಅದು. ಸರ್ಕಾರಿ ವಿಶ್ವವಿದ್ಯಾಲಯವಾದರೆ ವಾಕ್ ಸ್ವಾತಂತ್ರ್ಯ ಕಾಯುವ ಸಂವಿಧಾನದ ಮೊದಲ ತಿದ್ದುಪಡಿ ಅಡ್ಡ ಬರುವುದರಿಂದ ಬರೀ ಮಾತಿಗೆ ಶಿಕ್ಷೆ ಕೊಡಲಾಗುವುದಿಲ್ಲ. ಹಾಗೆಂದು ಕೈಕಟ್ಟಿ ಕೂರುವಂತಿಲ್ಲ. ನೊಂದವರಿಗೆ ಬೇರೆ ಸೆಕ್ಷನ್, ಪರೀಕ್ಷೆಗೆ ಬೇರೆ ಕೋಣೆ, ಅಸೈನ್‌ಮೆಂಟ್‌ಗೆ ಹೆಚ್ಚು ದಿನ, ಇಬ್ಬರೂ ಪರಸ್ಪರ ಸಂಪರ್ಕಿಸಕೂಡದೆಂಬ ಪತ್ರ, ಇವನ್ನೆಲ್ಲ ತನಿಖೆ ಮುಗಿಯುವ ಮುಂಚೆಯೇ ಕೊಡಬಹುದು. ಕೋಣೆ ಬದಲಿಸುವ ಮಾತು ಬಂದಾಗ ನೊಂದವರೇ ಗಂಟುಮೂಟೆ ಕಟ್ಟಬೇಕಾಗದಂತೆ ನೋಡಿಕೊಳ್ಳಬೇಕು.

ಹನಿಗೂಡಿದರೆ ಹಳ್ಳ ಎನ್ನುವುದು ಈ ಕೆಲಸದಲ್ಲಿ ಅಕ್ಷರಶಃ ನಿಜ. ಕಿರುಕುಳ ತೀವ್ರವಾಗಿರಬೇಕು ಇಲ್ಲವೇ ಮೇಲಿಂದ ಮೇಲೆ ನಡೆದಿರಬೇಕು ಎನ್ನುವುದು ಫೆಡರಲ್ ಶಿಕ್ಷಣ ಇಲಾಖೆಯ ನಾಗರಿಕ ಹಕ್ಕುಗಳ ಕಚೇರಿಯ ಅಳತೆ. ಒಂದು ಸ್ಟಿಕರ್, ಒಂದು ಬೈಗುಳ, ಒಂದು ಪೋಸ್ಟ್, ಬಿಡಿಬಿಡಿಯಾಗಿ ನೋಡಿದರೆ ಯಾವುದೂ ಅಷ್ಟು ದೊಡ್ಡದಲ್ಲ, ಎಲ್ಲವೂ 'ಮುಕ್ತಾಯ' ಎಂಬ ಮೊಹರು ಬಿದ್ದು ಹೋಗುತ್ತವೆ. 2024ರ ಜೂನ್‌ನಲ್ಲಿ ಮಿಶಿಗನ್ ವಿಶ್ವವಿದ್ಯಾಲಯದ ಜೊತೆ ಆ ಕಚೇರಿ ಮಾಡಿಕೊಂಡ ಒಪ್ಪಂದದ ಹಿಂದಿದ್ದ ಮುಖ್ಯ ಆಕ್ಷೇಪವೇ ಇದು: ಘಟನೆಗಳು ಒಂದೊಂದಾಗಿಯೋ ಒಟ್ಟಾಗಿಯೋ ದ್ವೇಷದ ವಾತಾವರಣ ಉಂಟುಮಾಡಿದವೇ ಎಂದು ತೂಗಿ ನೋಡಿದ್ದು ಕಾಣುವುದಿಲ್ಲ. ಇದನ್ನು ತಪ್ಪಿಸಲು ನಮ್ಮದು ಒಂದೇ ದಾಖಲೆ ಪುಸ್ತಕ. ಪೊಲೀಸರಿಗೆ ಹೋದದ್ದು, ಹಾಸ್ಟೆಲಿಗೆ ಬಂದದ್ದು, ಪ್ರೊಫೆಸರಿಗೆ ಇಮೇಲಿನಲ್ಲಿ ಹೇಳಿದ್ದು, ಎಲ್ಲ ಅದರಲ್ಲೇ ಬರಬೇಕು. ಒಂದೊಂದು ಸಾಲಿನಲ್ಲೂ ದಿನ, ಗಂಟೆ, ಜಾಗ, ಗುರಿಯಾದವರು, ಮಾಡಿದವರು ಯಾರೆಂದು ಗೊತ್ತೋ ಇಲ್ಲವೋ, ಆ ವಿದ್ಯಾರ್ಥಿಗೆ ಬಿಟ್ಟುಹೋದದ್ದೇನು, ಕೊಟ್ಟ ನೆರವೇನು. ವಾರಕ್ಕೊಮ್ಮೆ ಅರ್ಧ ಗಂಟೆ ಕೂತು ಮೂರು ಸಲ ಓದುತ್ತೇವೆ: ಒಮ್ಮೆ ಜಾಗದ ಪ್ರಕಾರ, ಒಮ್ಮೆ ವ್ಯಕ್ತಿಯ ಪ್ರಕಾರ, ಒಮ್ಮೆ ವಾರದ ಪ್ರಕಾರ. ಒಂದೇ ಮಹಡಿಯ ನಾಲ್ಕು ಸಣ್ಣ ಘಟನೆಗಳು ಎದ್ದು ಕಾಣುವುದು ಆಗಲೇ. ಆಸ್ತಿ ಹಾಳು ಮಾಡಿದ್ದಕ್ಕೆ ದ್ವೇಷ ಕಾರಣವೆಂದು ಕಂಡರೆ ಅದು ಕ್ಯಾಂಪಸ್ ಅಪರಾಧಗಳನ್ನು ಪ್ರಕಟಿಸಬೇಕೆನ್ನುವ ಕ್ಲೆರಿ ಕಾಯ್ದೆಯ ಲೆಕ್ಕಕ್ಕೂ ಸೇರಬೇಕು; ಆ ವರದಿ ಪ್ರತಿ ವರ್ಷ ಅಕ್ಟೋಬರ್ 1ರೊಳಗೆ ಪ್ರಕಟವಾಗುತ್ತದೆ. ವಿದ್ಯಾರ್ಥಿ ನೇರವಾಗಿ ಫೆಡರಲ್ ಕಚೇರಿಗೆ ದೂರು ಕೊಡುವುದಾದರೆ ಘಟನೆಯಿಂದ 180 ದಿನದೊಳಗೆ ಕೊಡಬೇಕು. ಇದನ್ನು ಮೊದಲ ಭೇಟಿಯಲ್ಲೇ ಹೇಳುತ್ತೇವೆ. ನಮ್ಮ ವಿಚಾರಣೆ ಮುಗಿಯಲಿ ಎಂದು ಕಾಯುತ್ತಾ ಅವರ ಗಡುವು ಮೀರಬಾರದು.

ಕೊನೆಗೆ 'ಏನೂ ಮಾಡಲಿಲ್ಲ' ಎಂಬ ಬೇಸರ ಉಳಿಯುವುದಕ್ಕೆ ಒಂದು ಕಾರಣ ಫೆರ್ಪಾ ಎಂಬ ಗೋಪ್ಯತಾ ಕಾಯ್ದೆ. ಇನ್ನೊಬ್ಬ ವಿದ್ಯಾರ್ಥಿಗೆ ಕೊಟ್ಟ ಶಿಕ್ಷೆಯನ್ನು ದೂರುದಾರರಿಗೆ ಹೇಳಲು ಅನೇಕ ಸಲ ಆಗುವುದಿಲ್ಲ. ಆದರೆ ಹೇಳಬಹುದಾದದ್ದನ್ನು ಪೂರ್ತಿ ಹೇಳಬೇಕು: ಯಾರನ್ನೆಲ್ಲ ಮಾತನಾಡಿಸಿದೆವು, ಯಾವ ದಿನ ಮುಗಿಸಿದೆವು, ನಿಮಗಾಗಿ ಏನು ಬದಲಾಯಿತು.

ಇದೆಲ್ಲ ಕೆಟ್ಟದ್ದು ನಡೆದ ಮೇಲಿನ ಮಾತು. ನಿತ್ಯಜೀವನ ನಡೆಸಿಕೊಡುವುದು ಇದಕ್ಕಿಂತ ದೊಡ್ಡ ಕೆಲಸ ಎಂದು ನನ್ನ ನಂಬಿಕೆ. ಯಹೂದಿಗಳ ವಾರದ ವಿಶ್ರಾಂತಿ ದಿನವಾದ ಶಬ್ಬತ್ ಶುಕ್ರವಾರ ಸೂರ್ಯಾಸ್ತಕ್ಕೆ 18 ನಿಮಿಷ ಮುಂಚೆ ದೀಪ ಹಚ್ಚುವುದರೊಂದಿಗೆ ಶುರುವಾಗಿ ಶನಿವಾರ ಕತ್ತಲಾಗುವವರೆಗೆ ಇರುತ್ತದೆ. ಬೋಸ್ಟನ್ನಿನ ಡಿಸೆಂಬರಿನಲ್ಲಿ ಸಂಜೆ ನಾಲ್ಕಕ್ಕೆ ಮುಂಚೆಯೇ ದೀಪ ಹಚ್ಚಬೇಕು. ಆಚಾರವಂತರು ಆ ಹೊತ್ತಿನಲ್ಲಿ ಫೋನ್ ಮುಟ್ಟುವುದಿಲ್ಲ, ಬರೆಯುವುದಿಲ್ಲ, ಎಲೆಕ್ಟ್ರಾನಿಕ್ ಕಾರ್ಡಿನಿಂದ ಬಾಗಿಲು ತೆಗೆಯುವುದಿಲ್ಲ. ಆದ್ದರಿಂದ ಅವರಿಗೆ ಮಾಮೂಲಿ ಲೋಹದ ಬೀಗದ ಕೈ ಬೇಕು, ಕೆಳ ಮಹಡಿಯ ಕೋಣೆ ಇದ್ದರೆ ಲೇಸು. ಯುದ್ಧದ ದಿನಗಳಲ್ಲಿ ಇದಕ್ಕೊಂದು ಗಂಭೀರ ಮುಖವಿದೆ: ವಿಶ್ವವಿದ್ಯಾಲಯ ಫೋನಿಗೆ ಕಳಿಸುವ ಎಚ್ಚರಿಕೆ ಇವರನ್ನು ಮುಟ್ಟುವುದಿಲ್ಲ. 2023ರ ಅಕ್ಟೋಬರ್ ಕೊನೆಯಲ್ಲಿ ಕಾರ್ನೆಲ್ ವಿಶ್ವವಿದ್ಯಾಲಯದ ಕೋಷರ್ (ಯಹೂದಿ ಆಹಾರ ನಿಯಮದ) ಊಟದ ಮನೆಯ ಮೇಲೆ ಗುಂಡು ಹಾರಿಸುವುದಾಗಿ ಆನ್‌ಲೈನ್ ಬೆದರಿಕೆ ಬಂದಿತ್ತು; ಬರೆದ ವಿದ್ಯಾರ್ಥಿಗೆ ಮುಂದೆ 21 ತಿಂಗಳ ಜೈಲು ಶಿಕ್ಷೆಯಾಯಿತು. ಅಂಥದ್ದು ಶುಕ್ರವಾರ ರಾತ್ರಿ ಬಂದರೆ? ಅದಕ್ಕಾಗಿ ಪ್ರತಿ ಶುಕ್ರವಾರ ಒಬ್ಬ ಮನುಷ್ಯನನ್ನೇ ಗೊತ್ತುಮಾಡುತ್ತೇವೆ. ಆತ ಫೋನ್ ಹಿಡಿದು ಊಟದ ಮನೆಯ ಬಾಗಿಲಲ್ಲಿರಬೇಕು, ಎಚ್ಚರಿಕೆ ಬಂದರೆ ಒಳಗೆ ಹೋಗಿ ಬಾಯಲ್ಲಿ ಹೇಳಬೇಕು. ಯಾವ ಬಾಗಿಲಿನಿಂದ ಹೊರಗೆ, ಯಾವ ಕೋಣೆಯಲ್ಲಿ ಒಳಗಿನಿಂದ ಚಿಲಕವಿದೆ ಎಂದು ಊಟಕ್ಕೆ ಮುಂಚೆ ಒಂದು ನಿಮಿಷ ಹೇಳುತ್ತೇವೆ. ಪ್ರಾಣಾಪಾಯ ಬಂದಾಗ ಶಬ್ಬತ್ತಿನ ನಿಯಮ ಮುರಿಯಬೇಕೆಂಬುದು ಅವರ ಧರ್ಮದ್ದೇ ಕಟ್ಟಳೆ, ಆಗ ಅವರೂ ಹಿಂಜರಿಯುವುದಿಲ್ಲ. ಊಟಕ್ಕೆ ಬರುವವರ ಪಟ್ಟಿಯನ್ನು ಎಲ್ಲರಿಗೂ ಕಾಣುವ ಶೀಟಿನಲ್ಲಿ ಹಾಕಬಾರದು. ಯಹೂದಿಗಳ ಹೆಸರುಪಟ್ಟಿಯನ್ನು ಯಾರೋ ಒಬ್ಬರು ಹಂಚಿಬಿಡುವುದಕ್ಕೆ ಅದೊಂದು ಲಿಂಕ್ ಸಾಕು.

ಟಿಎಗಳಿಗೆ ಪಂಚಾಂಗದ ಮಾತು. ಹೀಬ್ರೂ ವರ್ಷವೂ ನಮ್ಮ ಹಾಗೆಯೇ ಚಾಂದ್ರಮಾನದ್ದು, 19 ವರ್ಷಕ್ಕೆ 7 ಅಧಿಕ ಮಾಸ. ಆದರೆ ದಿನ ಶುರುವಾಗುವುದು ಸೂರ್ಯೋದಯಕ್ಕಲ್ಲ, ಸೂರ್ಯಾಸ್ತಕ್ಕೆ. 2026ರಲ್ಲಿ ಪ್ರಾಯಶ್ಚಿತ್ತದ ಉಪವಾಸದ ದಿನ ಯೋಮ್ ಕಿಪ್ಪುರ್ ಸೆಪ್ಟೆಂಬರ್ 21, ಸೋಮವಾರ. ಉಪವಾಸ ಮಾತ್ರ ಭಾನುವಾರ ಸಂಜೆಯೇ ಶುರು. ಭಾನುವಾರ ರಾತ್ರಿ ಹನ್ನೊಂದಕ್ಕೆ ಮುಗಿಯುವ ಆನ್‌ಲೈನ್ ಕ್ವಿಜ್ ಇಟ್ಟರೆ ಕ್ಯಾಲೆಂಡರಿನಲ್ಲಿ ಕಾಣದ ತೊಂದರೆ ಅದು. ಹೊಸ ವರ್ಷದ ಹಬ್ಬ ರೋಷ್ ಹಶಾನಾದಿಂದ ಆ ಹಬ್ಬಗಳ ಸಾಲಿನ ಕೊನೆಯ ಸಿಂಹತ್ ತೋರಾವರೆಗೆ ಬರೆಯಬಾರದ ದಿನಗಳು ಒಟ್ಟು ಏಳು. ಊಟದಲ್ಲೂ ನಮ್ಮವರು ಎಡವುವ ಜಾಗವಿದೆ: ಸಸ್ಯಾಹಾರವೆಲ್ಲ ಕೋಷರ್ ಅಲ್ಲ. ಪಾತ್ರೆ, ಚೀಸ್, ಸೊಪ್ಪಿನಲ್ಲಿರುವ ಹುಳು, ಎಲ್ಲವೂ ಲೆಕ್ಕಕ್ಕೆ ಬರುತ್ತವೆ. ವಸಂತದ ಪೆಸಾಹ್ ಹಬ್ಬದಲ್ಲಂತೂ ಗೋಧಿಯ ಜೊತೆಗೆ ಅಕ್ಕಿ ಬೇಳೆಯನ್ನೂ ಬಿಡುವ ಅಶ್ಕೆನಾಜಿ (ಯುರೋಪಿನ ಮೂಲದ ಯಹೂದಿ) ಮನೆಗಳು ಬಹಳ. ಬಿಸಿಬೇಳೆಬಾತ್ ಮಾಡಿ ಕರೆಯುವ ಮುಂಚೆ ಒಂದು ಮಾತು ಕೇಳಿ.

ಇನ್ನು ನಮ್ಮ ಸ್ವಸ್ತಿಕ. ನಾಜಿಗಳ ಗುರುತು ಸಾಮಾನ್ಯವಾಗಿ 45 ಡಿಗ್ರಿ ಓರೆ, ಬಿಳಿ ವೃತ್ತದಲ್ಲಿ ಕಪ್ಪು. ನಮ್ಮದು ನೆಟ್ಟಗೆ ನಿಂತಿರುತ್ತದೆ, ನಾಲ್ಕು ಮನೆಗಳಲ್ಲಿ ನಾಲ್ಕು ಚುಕ್ಕಿ. ಕ್ಯಾಲಿಫೋರ್ನಿಯದ 2022ರ ಕಾನೂನು ಎರಡನ್ನೂ ಬೇರೆ ಬೇರೆ ಎಂದೇ ಬರೆದಿದೆ. ಆದರೆ ಮಾರ್ಕರಿನಲ್ಲಿ ಗೀಚಿದವರು ಕೋನ ಅಳೆದು ಗೀಚುವುದಿಲ್ಲ. ಹಾಗಾಗಿ ಆಕಾರವೊಂದನ್ನೇ ನಂಬಿ ಆರ್‌ಎ ತೀರ್ಮಾನಿಸಬಾರದು. ಯಾರ ಬಾಗಿಲು, ಜೊತೆಗೆ ಏನಿದೆ, ಯಾವ ದಿನ ಎಂದು ನೋಡಬೇಕು. ದೀಪಾವಳಿಗೆ ರಂಗೋಲಿ ಹಾಕುವವರಿಗೆ ಅಳಿಸಿ ಎಂದು ನಾವು ಹೇಳುವುದಿಲ್ಲ. ಹಿಂದಿನ ದಿನವೇ ಆರ್‌ಎಗೆ ತಿಳಿಸಿ, ಪಕ್ಕದ ಕೋಣೆಯವರಿಗೆ ನೀವೇ ಹೋಗಿ ತೋರಿಸಿ, ರಂಗೋಲಿಯ ಪಕ್ಕ ದೀಪಾವಳಿ ಎಂದು ಬರೆದ ಚೀಟಿ ಇಡಿ ಎನ್ನುತ್ತೇವೆ. ಅಜ್ಜ ಅಜ್ಜಿಯರ ಬಂಧುಗಳನ್ನೆಲ್ಲ ಆ ಗುರುತಿನ ಅಡಿಯಲ್ಲಿ ಕಳೆದುಕೊಂಡ ಮನೆಯ ಹುಡುಗಿ ರಾತ್ರಿ ಕಾರಿಡಾರಿನಲ್ಲಿ ಅದನ್ನು ಒಂಟಿಯಾಗಿ ಮೊದಲ ಸಲ ಕಾಣಬಾರದು. ಆರ್‌ಎ ಅದನ್ನೂ ದಾಖಲೆ ಪುಸ್ತಕದಲ್ಲಿ ಒಂದು ಸಾಲು ಬರೆದಿಡುತ್ತಾರೆ: ಮೂರನೇ ಮಹಡಿ, ಕೋಣೆಯ ಮುಂದೆ ಹಬ್ಬದ ರಂಗೋಲಿ, ನೆರೆಯವರಿಗೆ ತಿಳಿಸಲಾಗಿದೆ, ದೂರು ಇಲ್ಲ.