ಬೀದಿಯ ಮಹಿಳೆಯರೇ ಮುಂದಾಗಿ ನಿಂತು ಸಂಘ ನಡೆಸುವ ಬಗೆ

ಬೆಂಗಳೂರಿನ ಕೊಳೆಗೇರಿಗಳಲ್ಲಿ, ಗಾರ್ಮೆಂಟ್ಸ್ ಕೆಲಸಗಾರರ ವಠಾರಗಳಲ್ಲಿ ನೆರವಿನ ಕೆಲಸಕ್ಕೆ ಇಳಿಯುವವರು ಸಾಮಾನ್ಯವಾಗಿ ಅಕ್ಕಿ, ಬೇಳೆ, ಕಂಬಳಿಗಳಿಂದ ಆರಂಭಿಸುತ್ತಾರೆ. ಮಳೆನೀರು ಮನೆಗೆ ನುಗ್ಗಿದಾಗ, ಗುಡಿಸಲಿಗೆ ಬೆಂಕಿ ಬಿದ್ದಾಗ ಅದು ಬೇಕೇ ಬೇಕು. ಆದರೆ ಬಾಕಿ ಉಳಿದ ಸಂಬಳವನ್ನಾಗಲಿ, ರದ್ದಾದ ಪಡಿತರ ಚೀಟಿಯನ್ನಾಗಲಿ, ಕುಡಿದು ಬಂದು ಹೊಡೆಯುವ ಗಂಡನನ್ನಾಗಲಿ ಅಕ್ಕಿಯ ಮೂಟೆ ಎದುರಿಸಲಾರದು. ಅವನ್ನು ಎದುರಿಸಬಲ್ಲವರು ಅದೇ ಬೀದಿಯ ನಲ್ಲಿಯಲ್ಲಿ ನೀರು ಹಿಡಿಯುವ ಮಹಿಳೆಯರು. 2016ರ ಏಪ್ರಿಲ್ 18 ಮತ್ತು 19ರಂದು, ಭವಿಷ್ಯ ನಿಧಿಯ ಹಣ ಹಿಂಪಡೆಯುವ ನಿಯಮವನ್ನು ಕೇಂದ್ರ ಸರ್ಕಾರ ಬಿಗಿಗೊಳಿಸಿದ್ದನ್ನು ವಿರೋಧಿಸಿ ಗಾರ್ಮೆಂಟ್ಸ್ ಮಹಿಳೆಯರು ಸಾವಿರಾರು ಸಂಖ್ಯೆಯಲ್ಲಿ ಈ ನಗರದ ರಸ್ತೆಗಳಿಗೆ ಬಂದರು; ಎರಡನೆಯ ದಿನವೇ ಸರ್ಕಾರ ಆ ನಿಯಮವನ್ನು ಕೈಬಿಟ್ಟಿತು. ಅಂಥ ದಿನಗಳು ಅಪರೂಪ. ವರ್ಷವಿಡೀ ನಡೆಯಬೇಕಾದ ಕೆಲಸ ಹೇಗಿರಬೇಕೆಂಬುದನ್ನು ಇಲ್ಲಿ ಬರೆದಿದ್ದೇನೆ.

ಮೊದಲು ಸೇರುವ ಹೊತ್ತು ಮತ್ತು ಜಾಗವನ್ನು ಗೊತ್ತುಮಾಡಿಕೊಳ್ಳಿ. ಮನೆಕೆಲಸಕ್ಕೆ ಹೋಗುವವರಿಗೂ ಗಾರ್ಮೆಂಟ್ಸ್‌ಗೆ ಹೋಗುವವರಿಗೂ ಒಟ್ಟಿಗೆ ಒದಗುವ ಹೊತ್ತೆಂದರೆ ಭಾನುವಾರ ಬಟ್ಟೆ ಒಗೆದು, ಊಟ ಮುಗಿದ ಮೇಲಿನ ಒಂದೆರಡು ಗಂಟೆ ಮಾತ್ರ. ಜಾಗದ ವಿಷಯದಲ್ಲಿ ಇನ್ನೂ ಎಚ್ಚರ ಬೇಕು. ಯಾರ ಮನೆಯಲ್ಲಿ ಸೇರುತ್ತೀರಿ ಎಂಬುದೇ ಯಾರು ಬರುತ್ತಾರೆ, ಯಾರು ಬರುವುದಿಲ್ಲ ಎಂಬುದನ್ನು ತೀರ್ಮಾನಿಸುತ್ತದೆ. ಒಳಗೆ ಕರೆಯದೆ ಹೊಸ್ತಿಲಲ್ಲೇ ನಿಲ್ಲಿಸುವ ಮನೆಗೆ, ಬೇರೆ ಲೋಟದಲ್ಲಿ ಕಾಫಿ ಕೊಡುವ ಮನೆಗೆ ಪೌರಕಾರ್ಮಿಕ ಮಹಿಳೆ ಎರಡನೆಯ ಸಲ ಬರುವುದಿಲ್ಲ. ಅಂಗನವಾಡಿಯ ಕೋಣೆ ಅಥವಾ ಅಂಬೇಡ್ಕರ್ ಭವನ ಸಿಕ್ಕರೆ ಒಳ್ಳೆಯದು. ಹತ್ತರಿಂದ ಇಪ್ಪತ್ತು ಮಂದಿ ಇದ್ದರೆ ಸ್ವಸಹಾಯ ಗುಂಪಾಗಿ ನಡೆಯಬಹುದು, ಅದಕ್ಕೆ ನೋಂದಣಿಯ ಅಗತ್ಯವಿಲ್ಲ. 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಡಿ ಸಂಘವಾಗಲು ಏಳು ಮಂದಿ ಸಾಕಾದರೂ, ಮೊದಲ ವರ್ಷ ಆ ಗೊಡವೆ ಬೇಡವೆಂಬುದು ನನ್ನ ಅಭಿಪ್ರಾಯ.

ಎರಡನೆಯದು ನೋಟ್‌ಬುಕ್ಕು. ಉದ್ದನೆಯ, ಗಟ್ಟಿ ರಟ್ಟಿನ ಒಂದು ಪುಸ್ತಕ ತಂದು ಮನೆಗೊಂದು ಪುಟ ಇಡಿ. ಆ ಮನೆಯಲ್ಲಿ ಯಾವ ಯಾವ ದಾಖಲೆ ಇದೆ, ಯಾವುದು ಇಲ್ಲ, ಯಾವ ದಿನ ಯಾವ ಕಚೇರಿಗೆ ಹೋದದ್ದು, ಅಲ್ಲಿ ಏನು ಹೇಳಿದರು ಎಂಬುದನ್ನು ತಾರೀಖಿನೊಂದಿಗೆ ಬರೆಯಿರಿ. ನಮ್ಮ ಗುಂಪಿನ ಒಬ್ಬ ಹಿರಿಯ ಮಹಿಳೆ ತನಗೆ ಗೃಹಲಕ್ಷ್ಮಿಯ 2,000 ರೂಪಾಯಿ ಬರುತ್ತಿಲ್ಲವೆಂದು ನಾಲ್ಕು ತಿಂಗಳು ಬ್ಯಾಂಕಿಗೆ ಅಲೆದಿದ್ದರು. ಅಕ್ಕಿ ಡಬ್ಬದ ಹಿಂದೆ ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ, ರಬ್ಬರ್ ಬ್ಯಾಂಡ್ ಹಾಕಿಟ್ಟಿದ್ದ ಕಾಗದಗಳನ್ನು ಚಾಪೆಯ ಮೇಲೆ ಹರಡಿ ನೋಡಿದಾಗ ಕಾರಣ ಕಣ್ಣಿಗೆ ಬಿತ್ತು: ಆಧಾರಿನಲ್ಲಿ ಲಕ್ಷ್ಮಮ್ಮ, ಪಡಿತರ ಚೀಟಿಯಲ್ಲಿ ಲಕ್ಷ್ಮೀದೇವಿ, ಪಾಸ್‌ಬುಕ್ಕಿನಲ್ಲಿ ಬರೀ ಲಕ್ಷ್ಮಿ. ಮೂರೂ ಕಡೆ ಹೆಸರು ಒಂದೇ ಆಗಿರಬೇಕೆಂದು ಆ ನಾಲ್ಕು ತಿಂಗಳಲ್ಲಿ ಅವರಿಗೆ ಯಾರೂ ಹೇಳಿರಲಿಲ್ಲ. ಇಂಥ ಮನೆಗಳು ಪ್ರತಿ ಬೀದಿಯಲ್ಲೂ ಇರುತ್ತವೆ. ಆದ್ದರಿಂದ ಪುಸ್ತಕದ ಮೊದಲ ಕಾಲಂ ಹೆಸರಿನ ಕಾಗುಣಿತಕ್ಕೇ ಮೀಸಲಾಗಿರಲಿ.

ಕಚೇರಿಗೆ ಹೋಗುವಾಗ ಮೂವರು ಹೋಗಿ, ಆದರೆ ಕಷ್ಟದಲ್ಲಿರುವಾಕೆಯೇ ಮಾತನಾಡಲಿ, ಉಳಿದಿಬ್ಬರು ಪಕ್ಕದಲ್ಲಿರಲಿ. ಬಾಯಿಮಾತಿನ ಅಹವಾಲು ಯಾವ ಕಡತಕ್ಕೂ ಸೇರುವುದಿಲ್ಲ. ಅರ್ಜಿಯ ಎರಡು ಪ್ರತಿ ಒಯ್ದು, ಒಂದನ್ನು ಕೊಟ್ಟು, ಇನ್ನೊಂದರ ಮೇಲೆ ತಾರೀಖು ಮತ್ತು ಮೊಹರು ಹಾಕಿಸಿಕೊಳ್ಳದೆ ಅಲ್ಲಿಂದ ಕದಲಬೇಡಿ. ಗೊತ್ತುಪಡಿಸಿದ ಅವಧಿಯೊಳಗೆ ಸರ್ಕಾರಿ ಸೇವೆ ಕೊಡಬೇಕೆನ್ನುವ ರಾಜ್ಯದ 'ಸಕಾಲ' ವ್ಯವಸ್ಥೆಯ ವ್ಯಾಪ್ತಿಯ ಸೇವೆಯಾದರೆ 15 ಅಂಕಿಗಳ ಸಂಖ್ಯೆಯಿರುವ ಸ್ವೀಕೃತಿ ಕೇಳಿ. ಉತ್ತರ ಬರದಿದ್ದರೆ ಮಾಹಿತಿ ಹಕ್ಕಿನ ಅರ್ಜಿ ಹಾಕಿ: ಶುಲ್ಕ 10 ರೂಪಾಯಿ, ಬಿಪಿಎಲ್ ಕುಟುಂಬಕ್ಕೆ ಅದೂ ಇಲ್ಲ, 30 ದಿನಗಳೊಳಗೆ ಉತ್ತರ ಸಿಗಬೇಕು. ಕರ್ನಾಟಕದ ನಿಯಮದಂತೆ ಒಂದು ಅರ್ಜಿಯಲ್ಲಿ ಒಂದೇ ವಿಷಯವನ್ನು 150 ಪದಗಳೊಳಗೆ ಬರೆಯಬೇಕು.

ಮನೆಕೆಲಸದವರ ಸಂಬಳದ ತಕರಾರಿನಲ್ಲಿ ದೊಡ್ಡ ತೊಡಕೆಂದರೆ ಪುರಾವೆ ಇಲ್ಲದಿರುವುದು. ಕರ್ನಾಟಕವು 2004ರಲ್ಲೇ ಮನೆಕೆಲಸಕ್ಕೆ ಕನಿಷ್ಠ ವೇತನವನ್ನು ನಿಗದಿಪಡಿಸಿತಾದರೂ, ಎಷ್ಟು ದಿನ ಕೆಲಸ ಮಾಡಿದೆನೆಂದು ತೋರಿಸಲು ಕೈಯಲ್ಲಿ ಏನೂ ಇರದ ಮಹಿಳೆಗೆ ಆ ಅಧಿಸೂಚನೆಯಿಂದ ಲಾಭವಿಲ್ಲ. ಗೋಡೆಯ ಕ್ಯಾಲೆಂಡರಿನಲ್ಲಿ ಹೋದ ದಿನಕ್ಕೊಂದು ಗುರುತು ಹಾಕುವುದನ್ನು, ಸಂಬಳವನ್ನು ಸಾಧ್ಯವಾದಷ್ಟು ಫೋನ್‌ಪೇ ಅಥವಾ ಬ್ಯಾಂಕಿನ ಮೂಲಕವೇ ಪಡೆಯುವುದನ್ನು ಎಲ್ಲರಿಗೂ ರೂಢಿ ಮಾಡಿಸಿ. ಅಸಂಘಟಿತ ಕಾರ್ಮಿಕರಿಗಾಗಿ ಕೇಂದ್ರ ಸರ್ಕಾರ ನಡೆಸುವ ಇ-ಶ್ರಮ್ ನೋಂದಣಿಯನ್ನು ಒಂದೇ ಭಾನುವಾರ ಇಡೀ ಬೀದಿಗೆ ಮಾಡಿಸಿಬಿಡಬಹುದು. ವಯಸ್ಸು 16ರಿಂದ 59ರೊಳಗಿರಬೇಕು, ಪಿಎಫ್ (ಭವಿಷ್ಯ ನಿಧಿ) ಆಗಲಿ, ಇಎಸ್‌ಐ (ನೌಕರರ ವಿಮೆ) ಆಗಲಿ ಇರಬಾರದು.

ಹಿಂಸೆಯ ಪ್ರಕರಣಗಳಿಗೆ ಈ ಯಾವ ಕ್ರಮವೂ ಹೊಂದುವುದಿಲ್ಲ. ಅದನ್ನು ಸಭೆಯಲ್ಲಿ ಎತ್ತಬೇಡಿ, ನೋಟ್‌ಬುಕ್ಕಿನಲ್ಲಿ ಬರೆಯಬೇಡಿ. ಗುಂಪು ಮೊದಲೇ ಆರಿಸಿಟ್ಟುಕೊಂಡ ಇಬ್ಬರಿಗೆ ಮಾತ್ರ ಗೊತ್ತಿರಲಿ. ತಕ್ಷಣದ ಅಪಾಯವಿದ್ದರೆ 112, ಮಹಿಳಾ ಸಹಾಯವಾಣಿಗೆ 181. ಕೌಟುಂಬಿಕ ದೌರ್ಜನ್ಯ ತಡೆಯುವ 2005ರ ಕಾಯ್ದೆಯಡಿ ಸಂರಕ್ಷಣಾಧಿಕಾರಿಗೆ ದೂರು ಕೊಡಬಹುದು. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯಂತೆ, ಆದಾಯ ಎಷ್ಟೇ ಇರಲಿ, ಮಹಿಳೆಯರಿಗೆ ಉಚಿತ ವಕೀಲರು ದೊರೆಯುತ್ತಾರೆ, ದೂರವಾಣಿ 15100. ಕೆಲಸದ ಮನೆಯಲ್ಲಿ ಲೈಂಗಿಕ ಕಿರುಕುಳವಾದರೆ 2013ರ ಕಾಯ್ದೆಯ ಪ್ರಕಾರ ಜಿಲ್ಲೆಯ ಸ್ಥಳೀಯ ಸಮಿತಿಗೆ ಮೂರು ತಿಂಗಳೊಳಗೆ ದೂರು ಹೋಗಬೇಕು. ಒಂದು ಮಾತನ್ನು ಒತ್ತಿ ಹೇಳುತ್ತೇನೆ: ನೀವೇ ಕುಳಿತು ರಾಜಿ ಪಂಚಾಯಿತಿ ಮಾಡಬೇಡಿ. 'ಹೊಂದಿಕೊಂಡು ಹೋಗಮ್ಮ' ಎಂಬ ಮಾತನ್ನು ಆಕೆ ತವರಿನಲ್ಲೂ ನೆರೆಯಲ್ಲೂ ಕೇಳಿಯೇ ನಿಮ್ಮ ಬಳಿಗೆ ಬಂದಿರುತ್ತಾಳೆ.

ಹೊರಗಿನಿಂದ ನೆರವು ಕೊಡುವವರು ಬಂದರೆ ಸ್ವಾಗತಿಸಿ, ಆದರೆ ಯಾರಿಗೆ ಏನು ಬೇಕೆಂಬ ಪಟ್ಟಿ ಗುಂಪಿನದೇ ಆಗಿರಲಿ. ಪಡೆಯುವವರ ಫೋಟೋ ತೆಗೆಯಬಾರದೆಂದು ಮೊದಲೇ ಹೇಳಿಬಿಡಿ. ಹಣಕ್ಕೆ ಇಬ್ಬರ ಸಹಿ ಇರಲಿ, ಪ್ರತಿ ಸಭೆಯ ಆರಂಭದಲ್ಲೇ ಲೆಕ್ಕವನ್ನು ಗಟ್ಟಿಯಾಗಿ ಓದಿ.

ದಲಿತ ಮಹಿಳೆಯರಲ್ಲಿ ಮತ್ತು ಕೊಳೆಗೇರಿಗಳಲ್ಲಿ ದಶಕಗಳ ಕಾಲ ಸಂಘಟನೆ ಕಟ್ಟಿ, 2006ರಲ್ಲಿ ರೈಟ್ ಲೈವ್ಲಿಹುಡ್ ಪ್ರಶಸ್ತಿ ಪಡೆದ ರೂತ್ ಮನೋರಮಾ ಅವರಂಥವರು ನಮ್ಮ ನಗರದಲ್ಲೇ ಇದ್ದಾರೆ. ಆದರೂ ಒಬ್ಬರ ಮೇಲೆಯೇ ನಿಂತ ಗುಂಪು ಅವರಿಗೆ ಜ್ವರ ಬಂದ ವಾರವೇ ಸ್ತಬ್ಧವಾಗುತ್ತದೆ. ವರ್ಷಕ್ಕೊಮ್ಮೆ ಮುಂದಾಳನ್ನು ಬದಲಿಸಿ. ಕಚೇರಿಗೆ ಹೋಗುವ ಮೂವರಲ್ಲಿ ಒಬ್ಬರು ಪ್ರತಿ ಸಲವೂ ಹೊಸಬರಾಗಿರಲಿ. ಓದುಬರಹ ಬಾರದವರನ್ನೂ ಇದರಿಂದ ಬಿಡಬೇಡಿ: ಅವರು ಮಾತನಾಡಲಿ, ಹತ್ತನೆಯ ತರಗತಿಯಲ್ಲಿರುವ ಅವರ ಮಗಳು ಪಕ್ಕದಲ್ಲಿ ಕುಳಿತು ಆ ದಿನದ ಪುಟವನ್ನು ಬರೆಯಲಿ.