ಜಾಗ ಇತ್ತು, ಆದರೂ ಕೋಟಾ ಮುಗಿದಿತ್ತು

ಶಪಿರೊ ಅಸಮತೆ ನೋಡಲು ಸುಲಭ. ಧನ ಸಂಖ್ಯೆಗಳನ್ನು ಸುತ್ತಲೂ ಕೂರಿಸಿ, ಪ್ರತಿಯೊಂದನ್ನೂ ಅದರ ಮುಂದಿನ ಎರಡರ ಮೊತ್ತದಿಂದ ಭಾಗಿಸಿ ಕೂಡಿಸಿ. ಉತ್ತರ ಸಂಖ್ಯೆಗಳ ಎಣಿಕೆಯ ಅರ್ಧಕ್ಕಿಂತ ಕಡಿಮೆಯಾಗಬಾರದು. 13 ಸಂಖ್ಯೆಗಳವರೆಗೆ ಈ ಮಾತು ನಿಜ. 14ಕ್ಕೆ ಬಿದ್ದುಹೋಗುತ್ತದೆ, ಅದೂ ಕೂದಲೆಳೆಯಷ್ಟು.

ಆ ಬೀಳುವ ಜಾಗ ಹುಡುಕಲು ಉಡುಪಿಯ ಮನೆಯಿಂದಲೇ ಕಾಲೇಜಿನ ಕ್ಲಸ್ಟರ್‌ಗೆ (ಒಟ್ಟಿಗೆ ಜೋಡಿಸಿದ ಹಲವು ಕಂಪ್ಯೂಟರ್‌ಗಳಿಗೆ) ಜಾಬ್, ಅಂದರೆ ಲೆಕ್ಕ ಮಾಡುವ ಕೆಲಸ, ಹಾಕಿದ್ದೆ. ಹೊರಗೆ ಆಟಿ ತಿಂಗಳ ಮಳೆ. ಬೆಳಿಗ್ಗೆ ನೋಡಿದರೆ ಎಲ್ಲ ಜಾಬೂ ನಿಂತಿದ್ದವು: ಡಿಸ್ಕ್ ಕೋಟಾ ಮೀರಿದೆ. ನಾನು ಬಳಸಿದ್ದು ಬರೀ ಕೆಲವು ಜಿಬಿ!

ಅರ್ಧ ದಿನ ಸುಮ್ನೆ ದೊಡ್ಡ ದೊಡ್ಡ ಫೈಲುಗಳನ್ನು ಅಳಿಸಿದೆ. ಕೊನೆಗೆ ಕ್ಲಸ್ಟರ್‌ನ ಫೈಲುಗಳನ್ನೆಲ್ಲ ಇಡುವ ಲಸ್ಟರ್ ಎಂಬ ವ್ಯವಸ್ಥೆಯಲ್ಲಿ, ಕೋಟಾ ಎಷ್ಟು ಬಳಸಿದ್ದೇನೆಂದು ತೋರಿಸುವ 'ಎಲ್‌ಎಫ್‌ಎಸ್ ಕೋಟಾ' ಕಮಾಂಡ್ ಕೊಟ್ಟೆ. ತುಂಬಿದ್ದು ಜಾಗ ಅಲ್ಲ, ಫೈಲುಗಳ ಲೆಕ್ಕ. ಪ್ರತಿ ಪ್ರಯತ್ನಕ್ಕೂ ಒಂದೊಂದು ಪುಟಾಣಿ ಫೈಲ್ ಬರೆಯುತ್ತಿದ್ದೆ. ಲಸ್ಟರ್‌ನಲ್ಲಿ ಫೈಲ್ ತೆರೆಯಬೇಕಾದರೆ ಪ್ರತಿ ಸಲ ಮೆಟಾಡೇಟಾ ಸರ್ವರ್‌ನ (ಫೈಲುಗಳ ಹೆಸರು, ವಿವರ ಇಟ್ಟುಕೊಳ್ಳುವ ಕಂಪ್ಯೂಟರ್‌ನ) ಬಾಗಿಲು ತಟ್ಟಬೇಕು. ಉಳಿದವರ ಕೆಲಸವೂ ನಿಧಾನ ಆಗಿತ್ತಂತೆ. ತಪ್ಪು ನನ್ನದೇ.

ಈಗ ಜಾಬ್ ಓಡುವ ನೋಡ್‌ನ (ಕ್ಲಸ್ಟರ್‌ನ ಒಂದು ಕಂಪ್ಯೂಟರ್‌ನ) ಸ್ವಂತ ಡಿಸ್ಕಿನಲ್ಲಿ ಒಂದೇ ಫೈಲಿಗೆ ಸೇರಿಸುತ್ತಾ ಹೋಗುತ್ತೇನೆ. ಜಾಬ್ ಮುಗಿಯುವಾಗ ಒಂದು ಸಲ ಕಾಪಿ, ಅಷ್ಟೆ. 7ಕ್ಕಿಂತ (14ರ ಅರ್ಧಕ್ಕಿಂತ) ಜಾಸ್ತಿ ಬಂದ ಮೊತ್ತಗಳನ್ನು ಬರೆಯುವುದೇ ಇಲ್ಲ. ಅವು ಯಾರಿಗೆ ಬೇಕು, ಅಲ್ವಾ?