ಬಗ್ಗಿ ಗಾಡಿ ಕಟ್ಟಿ ಟ್ರಯಲ್‌ಗೆ ಇಳಿಯುವ ಮುನ್ನ ಟೈರಿನ ಗಾಳಿ ಬಿಡಿ

ಮಳೆಗಾಲದಲ್ಲಿ ಕೊಡಗಿನ ಯಾವ ಬಾಣೆಯಲ್ಲಿ (ಗದ್ದೆಗೆ ಸೇರಿದ ಗುಡ್ಡದ ಜಾಗ) ನಾಲ್ಕು ಜನ ಗಾಡಿ ತಂದು ಸೇರಿದರೂ ಇದನ್ನು ನೋಡಬಹುದು. ಹೊಸ ಬಗ್ಗಿ, ಅಂದರೆ ಕೈಯಾರೆ ಕಟ್ಟಿದ ಹಗುರ ಆಫ್‌ರೋಡ್ ಗಾಡಿ, ಹೊಸ ಪೇಂಟು, ದಪ್ಪ ಟೈರು. ಏರಿನ ಬುಡದಲ್ಲೇ ಆಕ್ಸಿಲರೇಟರ್ ಪೂರ್ತಿ ಒತ್ತುತ್ತಾರೆ. ಚಕ್ರ ಕೆಸರು ಹಾರಿಸುತ್ತಾ ತನಗೆ ತಾನೇ ಗುಂಡಿ ತೋಡಿಕೊಂಡು ಕೂರುತ್ತದೆ. ಆಮೇಲೆ ಟ್ರ್ಯಾಕ್ಟರ್ ಬರಬೇಕು. ಗಾಡಿಯಲ್ಲಿ ದೋಷ ಇರುವುದಿಲ್ಲ, ಓಡಿಸುವವರಿಗೆ ಆಟ ಗೊತ್ತಿರುವುದಿಲ್ಲ.

ಟ್ರಯಲ್ ಅಂದರೆ ನಿಲ್ಲದೆ ಗುಡ್ಡ ಹತ್ತುವ ಪಂದ್ಯ, ಅಲ್ಲಿ ಗಡಿಯಾರಕ್ಕೆ ಕೆಲಸ ಇಲ್ಲ. ಬ್ರಿಟನ್ನಿನಲ್ಲಿ ನೂರು ವರ್ಷಕ್ಕೂ ಹಿಂದಿನಿಂದ ನಡೆದುಕೊಂಡು ಬಂದ ಆಟ ಇದು. ಗುಡ್ಡದ ಮೇಲೆ ಕೋಲು ನೆಟ್ಟು ದಾರಿ ಗುರುತು ಮಾಡುತ್ತಾರೆ. ಸಾಮಾನ್ಯವಾಗಿ ಬುಡದಿಂದ ಮೇಲಕ್ಕೆ 12ರಿಂದ 1ರವರೆಗೆ ಅಂಕ. ಎಲ್ಲಿ ನಿಂತಿರೋ ಅಲ್ಲಿನ ಅಂಕ ನಿಮಗೆ. ನಿಲ್ಲದೆ ಹತ್ತಿದರೆ ಸೊನ್ನೆ. ಕೊನೆಗೆ ಕಡಿಮೆ ಅಂಕ ಇದ್ದವರು ಗೆದ್ದಂತೆ. ನಮ್ಮ ಕಡೆಯ ಆಫ್‌ರೋಡ್ ಪಂದ್ಯಗಳಲ್ಲಿ ಸಮಯವೇ ಮುಖ್ಯ, ಹಾಗಾಗಿ ಎಲ್ಲರ ಕಾಲಿಗೂ ಒತ್ತುವ ಚಾಳಿ. ಹೊಸಬರಿಗೆ ಟ್ರಯಲ್ಲೇ ಒಳ್ಳೆಯದು ಅಂತ ನಾನು ಗಟ್ಟಿಯಾಗಿ ಹೇಳುತ್ತೇನೆ. ನಡಿಗೆಯ ವೇಗದಲ್ಲಿ ಅಷ್ಟು ಸುಲಭಕ್ಕೆ ಗಾಡಿಯೂ ಮುರಿಯುವುದಿಲ್ಲ, ಮೂಳೆಯೂ ಮುರಿಯುವುದಿಲ್ಲ.

ಗಾಡಿ

1964ರಲ್ಲಿ ಕ್ಯಾಲಿಫೋರ್ನಿಯಾದ ಬ್ರೂಸ್ ಮೇಯರ್ಸ್ ಫೋಕ್ಸ್‌ವ್ಯಾಗನ್ ಬೀಟಲ್‌ನ ಎಂಜಿನ್ನಿಗೆ ಫೈಬರ್‌ಗ್ಲಾಸ್ ಬಾಡಿ ಹೊಂದಿಸಿದ ಮೇಲೆ ಕಿಟ್ ಬಗ್ಗಿ, ಅಂದರೆ ಭಾಗಗಳನ್ನು ತಂದು ನಾವೇ ಜೋಡಿಸಿಕೊಳ್ಳುವ ಬಗ್ಗಿ, ಜನಪ್ರಿಯವಾಯಿತು. ನಮಗೆ ಬೀಟಲ್ ಎಲ್ಲಿ ಸಿಗಬೇಕು? ಹಳೆ ಮಾರುತಿ 800 ಹುಡುಕಿ. 796 ಸಿಸಿ ಸಾಕು, ಬಗ್ಗಿ ಹಗುರ ಇರುತ್ತದೆ, ಬಿಡಿಭಾಗಕ್ಕೂ ಪರದಾಡಬೇಕಿಲ್ಲ. ಎಂಜಿನ್ನು, ಗೇರ್‌ಬಾಕ್ಸು ಎರಡನ್ನೂ ಒಟ್ಟಿಗೆ ಎತ್ತಿ ಸೀಟಿನ ಹಿಂದೆ ಕೂರಿಸಿ. ಮುಖ ಮೊದಲಿದ್ದ ಕಡೆಗೇ ಇರಲಿ, ತಿರುಗಿಸಿ ಕೂರಿಸಿದರೆ ಮುಂದೆ ಹೋಗಲು ಒಂದೇ ಗೇರು, ಹಿಂದೆ ಹೋಗಲು ನಾಲ್ಕು. ಸ್ಟಿಯರಿಂಗ್‌ಗೆ ತಿರುಗುತ್ತಿದ್ದ, ಚಕ್ರ ಕೂರುವ ಹಬ್‌ಗಳು ಈಗ ಹಿಂದಿರುತ್ತವೆ. ಅವನ್ನು ಗಟ್ಟಿ ರಾಡ್ ಹಾಕಿ ಚಾಸಿಸ್‌ಗೆ ಲಾಕ್ ಮಾಡಿ, ಇಲ್ಲದಿದ್ದರೆ ಹಿಂಚಕ್ರ ತನಗೆ ಬೇಕಾದ ಕಡೆ ಹೊರಳುತ್ತದೆ.

ಗಾಡಿ ಮಗುಚಿದರೆ ತಲೆ ಕಾಯುವ ಪೈಪಿನ ಪಂಜರ, ಅಂದರೆ ರೋಲ್ ಕೇಜ್‌ನಲ್ಲಿ ಉಳಿತಾಯ ಮಾಡಬೇಡಿ. ಸಿಡಿಎಸ್ ಪೈಪ್ (ಬೆಸುಗೆಯ ಜೋಡಣೆ ಇಲ್ಲದ ಉಕ್ಕಿನ ಪೈಪ್) ಅಂತಲೇ ಕೇಳಿ ತನ್ನಿ. ತಲೆಯ ಹಿಂದಿನ ಮುಖ್ಯ ಕಮಾನಿಗೆ ಎಫ್‌ಐಎ (ಅಂತರರಾಷ್ಟ್ರೀಯ ಮೋಟಾರ್ ಕ್ರೀಡಾ ಸಂಸ್ಥೆ) ಹೇಳುವ ಅಳತೆ 45 ಮಿ.ಮೀ. ವ್ಯಾಸ, 2.5 ಮಿ.ಮೀ. ದಪ್ಪ. ನೀರಿನ ಜಿಐ ಪೈಪಿನಲ್ಲಿ ಮಾಡಿಕೊಡುತ್ತೇನೆ ಅನ್ನುವ ವೆಲ್ಡರ್ ಇದ್ದರೆ ಅಲ್ಲಿಂದ ಎದ್ದು ಬನ್ನಿ. ಸತುವಿನ ಲೇಪ ವೆಲ್ಡನ್ನೂ ಕೆಡಿಸುತ್ತದೆ, ಅದರ ಹೊಗೆ ಉಸಿರಿಗೂ ಕೆಟ್ಟದ್ದು. ಆನ್‌ಲೈನ್‌ನಲ್ಲಿ ಅಗ್ಗಕ್ಕೆ ಸಿಗುವ, ಎಫ್‌ಐಎ ಲೇಬಲ್ ಇಲ್ಲದ 'ರೇಸಿಂಗ್' ಸೀಟ್‌ಬೆಲ್ಟ್ ಬೇಡವೇ ಬೇಡ. ಹೆಲ್ಮೆಟ್ ಕಡ್ಡಾಯ.

ಈ ಗಾಡಿಯನ್ನು ರಸ್ತೆಗೆ ಇಳಿಸುವಂತಿಲ್ಲ. ಪಿಕಪ್‌ನಲ್ಲಿ ಹೇರಿಕೊಂಡು ಹೋಗಿ.

ಗಾಳಿ

ಎಲ್ಲರೂ ಎಡವುವುದು ಇಲ್ಲೇ. ಕಾರಿಗೆ ಹಾಕುವಂತೆ 30 ಪಿಎಸ್‌ಐ ಗಾಳಿ ತುಂಬಿಕೊಂಡು ಬರುತ್ತಾರೆ. ಅಷ್ಟು ಬಿರುಸಾದ ಟೈರು ನಮ್ಮ ಕೆಂಪು ಜೇಡಿಯ ಮೇಲೆ ಬರೀ ಜಾರುತ್ತದೆ. ಹಿಂದಿನ ಟೈರುಗಳನ್ನು 12ಕ್ಕೆ ಇಳಿಸಿ ನೋಡಿ. ಟೈರಿನ ಮಗ್ಗುಲು ಸ್ವಲ್ಪ ಉಬ್ಬಬೇಕು, ನೆಲಕ್ಕೆ ತಾಗುವ ಭಾಗ ಉದ್ದವಾಗಬೇಕು. ಪಕ್ಕದಲ್ಲಿ ಮಂಡಿಯೂರಿ ಕೂತು ನೋಡಿದರೆ ಕಾಣುತ್ತದೆ. ಸಾಲದಿದ್ದರೆ 10. ಅದಕ್ಕೂ ಕೆಳಗೆ ಹೋದರೆ ತಿರುವಿನಲ್ಲಿ ಟೈರು ರಿಮ್ ಬಿಟ್ಟು ಕಳಚಿಕೊಳ್ಳುವ ಭಯ, ಒಳಗೆ ಮಣ್ಣು ಹೊಕ್ಕರೆ ಮತ್ತೆ ಕೂರಿಸುವುದು ಗೋಳು. ಮುಂದಿನ ಟೈರಿಗೆ ಒಂದೆರಡು ಜಾಸ್ತಿ ಇರಲಿ. ಬಂಕಿನ ಮೀಟರು 10ರ ಹತ್ತಿರ ಸರಿಯಾಗಿ ತೋರಿಸುವುದಿಲ್ಲ, 0ಯಿಂದ 30ರವರೆಗಿನ ಚಿಕ್ಕ ಗೇಜ್ ಕೊಳ್ಳಿ. ಟೈರು ತಣ್ಣಗಿರುವಾಗಲೇ ಅಳೆಯಿರಿ. ಕೆಲವು ಆಯೋಜಕರು ಇದಕ್ಕಿಂತ ಇಳಿಸುವಂತಿಲ್ಲ ಅಂತ ಮಿತಿ ಹಾಕಿರುತ್ತಾರೆ, ಮೊದಲೇ ಕೇಳಿ.

ನಡೆದು ನೋಡಿ, ಆಮೇಲೆ ಹತ್ತಿ

ದಾರಿಯನ್ನು ಕಾಲಲ್ಲೇ ಹತ್ತಿ, ಕಾಲಲ್ಲೇ ಇಳಿಯಿರಿ. ಜಿಗಣೆ ಕಚ್ಚಿದರೆ ಕಚ್ಚಲಿ. ತರಗೆಲೆಯ ಅಡಿಯಲ್ಲಿ ಸಿಲ್ವರ್ ಓಕ್ ಬೇರು ಅಡ್ಡ ಮಲಗಿರುತ್ತದೆ, ಒದ್ದೆಯಾದ ಬೇರು ಎಣ್ಣೆ ಸವರಿದ ಹಾಗೆ. ಅದನ್ನು ನೇರವಾಗಿ ದಾಟಿ, ಓರೆಯಾಗಿ ಹತ್ತಿಸಬೇಡಿ. ತಿರುವಿನಲ್ಲಿ ಒಳಗಿನ ಹಿಂಚಕ್ರ ಎಲ್ಲಿ ಹಾಯುತ್ತದೆ ಅಂತ ಹೆಜ್ಜೆ ಇಟ್ಟು ನೋಡಿ. ಜಾಸ್ತಿ ಜನ ಕೋಲಿಗೆ ತಾಗಿಸುವುದು ಅದನ್ನೇ.

ಗೇರ್ ಬುಡದಲ್ಲೇ ಆರಿಸಿ. ಏರಿನ ಮಧ್ಯದಲ್ಲಿ ಕ್ಲಚ್ ಒತ್ತಿದಿರೋ, ಗಾಡಿ ನಿಂತಂತೆ. ಜಾರುವ ಕಡೆ ನಾನು ಸೆಕೆಂಡ್ ಗೇರನ್ನೇ ಹೇಳುತ್ತೇನೆ, ಫಸ್ಟ್‌ನಲ್ಲಿ ಚಕ್ರ ಬೇಗ ಗಿರಕಿ ಹೊಡೆಯುತ್ತದೆ. ಮೆಲ್ಲಗೆ ಹೊರಡಿ. ಎಂಜಿನ್ನಿನ ಸದ್ದು ಒಮ್ಮೆಲೇ ಏರಿ ಗಾಡಿ ಮುಂದೆ ಹೋಗದಿದ್ದರೆ ಚಕ್ರ ಜಾರುತ್ತಿದೆ ಅಂತ ಅರ್ಥ. ಆಗ ಎಲ್ಲರ ಕಾಲೂ ಇನ್ನಷ್ಟು ಒತ್ತಲು ಹೋಗುತ್ತದೆ, ನೀವು ಕೂದಲೆಳೆಯಷ್ಟು ಬಿಡಿ, ಟೈರು ಮತ್ತೆ ನೆಲ ಹಿಡಿಯುತ್ತದೆ. ಪಕ್ಕದಲ್ಲಿ ಕೂತವರು ಸೀಟಿನಲ್ಲೇ ಮೇಲೆ ಕೆಳಗೆ ಕುಲುಕಲಿ. ಹಿಂಚಕ್ರಕ್ಕೆ ಆಗಾಗ ತೂಕ ಬೀಳುತ್ತದೆ. ಬ್ರಿಟನ್ನಿನವರು ಹಿಂದಿನಿಂದಲೂ ಮಾಡುವ ಉಪಾಯ ಇದು.

ಎರಡು ಹಿಂಚಕ್ರಕ್ಕೆ ಶಕ್ತಿ ಹಂಚುವ ಡಿಫರೆನ್ಷಿಯಲ್ ಹಿಡಿತ ಇಲ್ಲದ ಚಕ್ರವನ್ನೇ ಸುಮ್ನೆ ತಿರುಗಿಸುತ್ತಾ ಇರುತ್ತದೆ. ಅದಕ್ಕೇ ಹಿಂದಿನ ಎರಡು ಚಕ್ರಕ್ಕೂ ಬೇರೆ ಬೇರೆ ಬ್ರೇಕ್ ಲಿವರ್ ಹಾಕಿಸುವುದು. ತಿರುಗುತ್ತಿರುವ ಚಕ್ರವನ್ನು ಹಿಡಿದರೆ ಶಕ್ತಿ ಇನ್ನೊಂದಕ್ಕೆ ಹೋಗುತ್ತದೆ, ಎಡದ್ದನ್ನು ಹಿಡಿದರೆ ಗಾಡಿ ಎಡಕ್ಕೆ ಚಿಕ್ಕದಾಗಿ ತಿರುಗುತ್ತದೆ. ಎಲ್ಲ ವಿಭಾಗದಲ್ಲೂ ಇದಕ್ಕೆ ಅನುಮತಿ ಇಲ್ಲ, ನಿಯಮ ಓದಿಕೊಂಡೇ ಖರ್ಚು ಮಾಡಿ.

ಮಧ್ಯದಲ್ಲಿ ನಿಂತುಹೋದರೆ? ಬ್ರೇಕ್ ಗಟ್ಟಿಯಾಗಿ ಹಿಡಿಯಿರಿ. ರಿವರ್ಸ್ ಗೇರ್ ಹಾಕಿ. ಕ್ಲಚ್ ಪೂರ್ತಿ ಬಿಟ್ಟು, ಬಂದ ದಾರಿಯಲ್ಲೇ ನೇರವಾಗಿ, ಎಂಜಿನ್ನಿನ ಹಿಡಿತದಲ್ಲಿ ಇಳಿಯಿರಿ. ನ್ಯೂಟ್ರಲ್‌ನಲ್ಲಿ ಜಾರಲು ಬಿಡಬಾರದು. ಏರಿನಲ್ಲಿ ಅಡ್ಡ ತಿರುಗಿಸಲೇಬಾರದು, ಬಗ್ಗಿ ಮಗುಚುವುದು ಹಾಗೆಯೇ.

ಜಾಗ

ಮಾಲೀಕರ ಒಪ್ಪಿಗೆ ಇರುವ ಬಾಣೆ, ಅಥವಾ ಕೊಯ್ಲು ಮುಗಿದ ಗದ್ದೆ. ಮನೆಗಳ ಮೇಲಿನ ಬರೆಯಲ್ಲಿ (ಕಡಿದಾದ ಇಳಿಜಾರಿನಲ್ಲಿ) ಮಾತ್ರ ಮಳೆಗಾಲದಲ್ಲಿ ಆಡಬೇಡಿ. ಚಕ್ರ ಕೊರೆದ ಚರಂಡಿಯಲ್ಲಿ ನೀರು ಹರಿದು ಮಣ್ಣು ಸಡಿಲವಾಗುತ್ತದೆ. 2018ರ ಆಗಸ್ಟ್‌ನಲ್ಲಿ ಗುಡ್ಡಗಳು ಹೇಗೆ ಜರಿದವು ಅಂತ ಎಲ್ಲರೂ ನೋಡಿದ್ದೇವೆ ಅಲ್ವಾ? ಕಾಫಿ ಕೊಯ್ಲಿನ ಸಮಯದಲ್ಲಿ ತೋಟದ ದಾರಿ ಕೇಳಬೇಡಿ, ಅದು ಅವರ ವರ್ಷದ ದುಡಿಮೆ.

ಮನೆಗೆ ಬಂದ ಸಂಜೆಯೇ ಗಾಡಿ ತೊಳೆಯಿರಿ. ಒಣಗಿದ ಜೇಡಿ ಕೀಳಲು ಆಗುವುದಿಲ್ಲ. ಚಕ್ರಕ್ಕೆ ಶಕ್ತಿ ಒಯ್ಯುವ ಡ್ರೈವ್‌ಶಾಫ್ಟ್‌ನ ರಬ್ಬರ್ ಬೂಟ್ (ಜಾಯಿಂಟಿನ ಮುಸುಕು) ಹರಿದಿದೆಯಾ ಅಂತ ಬೆರಳಾಡಿಸಿ ನೋಡಿ. ಹರಿದಿದ್ದರೆ ಮಣ್ಣು ಒಳಹೊಕ್ಕು ಜಾಯಿಂಟ್ ತಿಂದುಹಾಕುತ್ತದೆ, ಒಂದು ಜೊತೆ ಬೂಟ್ ಯಾವಾಗಲೂ ಮನೆಯಲ್ಲಿರಲಿ.